ತೀವ್ರ ನಿಗಾ ಘಟಕದಲ್ಲಿ ರೋಗಿಯ ಮನಸ್ಸು

ಚಿತೆಗೂ ಚಿಂತೆಗೂ ಬರಹದಲ್ಲಿ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುವುದುಂಟು. ಚಿತೆ ಸುಡುವುದು ಹೆಣವನ್ನು. ಚಿಂತೆ ಸುಡುವುದು ಜೀವವಿರುವ ದೇಹವನ್ನು. ಈ ನಾಣ್ಣುಡಿಯಲ್ಲಿ ಅಡಗಿದ್ದ ಸತ್ಯವನ್ನು ಇಪ್ಪತ್ತನೆಯ ಶತಮಾನದ ಶರೀರಶಾಸ್ತ್ರ ಬಿಡಿಸಿ ತೋರಿಸಿತು. ಹೀಗಿದ್ದೂ ಪ್ರಾಣಾಪಾಯದಲ್ಲಿರುವ ರೋಗಿಯ ರಕ್ತದೊತ್ತಡವನ್ನು ಗಳಿಗೆಗೊಮ್ಮೆ ಅಳೆಯುವ ವ್ಯವಸ್ಥೆಯಲ್ಲಿ, ಅವನ ಭಯವನ್ನು ಕೇಳುವವರು ವಿರಳ. ಪರಭಾಷೆಯ ಊರಿನಲ್ಲಿ ನೆಲೆಸಿರುವ ಕನ್ನಡಿಗರು ಈ ವಿಷಯವನ್ನು ವೈದ್ಯರಿಗಷ್ಟೇ ಬಿಟ್ಟುಕೊಟ್ಟು ಸುಮ್ಮನಿರುವಂತಿಲ್ಲ.

ಭಯವಾದಾಗ ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಎಲ್ಲರ ಅನುಭವ. ಭಯ, ಕೋಪ, ನೋವುಗಳು ದೇಹದಲ್ಲಿ ತರುವ ಬದಲಾವಣೆಗಳನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಅಡ್ರಿನಲಿನ್, ಹೋರಾಡಲು ಇಲ್ಲವೇ ಓಡಲು ದೇಹವನ್ನು ಅಣಿಗೊಳಿಸುತ್ತದೆ. ಚಳಿ, ಗಾಯ, ಅತಿಶ್ರಮ ಮೊದಲಾದ ಪೀಡೆಗಳಲ್ಲಿ ಯಾವುದೇ ಇರಲಿ, ಇಲಿಗಳ ದೇಹದಲ್ಲಿ ಅಡ್ರಿನಲ್ ಗ್ರಂಥಿ ಹಿಗ್ಗಿ, ಥೈಮಸ್ ಗ್ರಂಥಿ ಕುಗ್ಗಿ, ಜಠರದಲ್ಲಿ ಹುಣ್ಣಾಗುವುದನ್ನು 1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಪ್ರಕಟಿಸಿದರು.

ಓಡಬಲ್ಲವನಿಗೆ ಈ ಸಿದ್ಧತೆ ವರವೇ ಸರಿ. ಹಾಸಿಗೆ ಹಿಡಿದವನ ಪಾಡು ಬೇರೆ. ಸೋಂಕಿನಿಂದಲೋ ಅಪಘಾತದಿಂದಲೋ ಜರ್ಜರಿತನಾದವನ ದೇಹ ಆಗಲೇ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ಧಾರಾಳವಾಗಿ ಸುರಿಸುತ್ತಿರುತ್ತದೆ. ಅವಿಲ್ಲದೆ ಅವನು ಉಳಿಯಲಾರ. ಅದರ ಮೇಲೆ ಭಯವೂ ಬಂದು ಕೂತರೆ ಬರಗಾಲದಲ್ಲಿ ಅಧಿಕ ಮಾಸ ಬಂದಂತೆ. ನಾಡಿ ಏರುತ್ತದೆ, ದಣಿದ ಹೃದಯ ಇನ್ನಷ್ಟು ಆಮ್ಲಜನಕವನ್ನು ಬೇಡುತ್ತದೆ. ರಕ್ತದ ಸಕ್ಕರೆ ಹೆಚ್ಚುತ್ತದೆ. ರೋಗನಿರೋಧಕ ಶಕ್ತಿ ಕುಂದುತ್ತದೆ. ಬೆದರಿದ ರೋಗಿಯ ಉಸಿರು ವೆಂಟಿಲೇಟರಿನ ಲಯಕ್ಕೆ ಹೊಂದದೆ ಸೆಣಸಿದರೆ ಮಂಪರಿನ ಔಷಧಿಯನ್ನು ಹೆಚ್ಚಿಸಬೇಕಾಗುತ್ತದೆ. ಮಂಪರು ಹೆಚ್ಚಿದಷ್ಟೂ ಹಗಲು ರಾತ್ರಿಗಳ ಪರಿವೆ ತಪ್ಪಿ, ಹಿಂದಿನವರು ಸನ್ನಿ ಎಂದು ಕರೆಯುತ್ತಿದ್ದ ಭ್ರಮೆಯ ಸ್ಥಿತಿಗೆ ದಾರಿಯಾಗುತ್ತದೆ. ಚಿಂತೆ ಗಾಯ ಮಾಯುವುದನ್ನೂ ತಡೆಯುತ್ತದೆ. ಮರೆವಿನ ಕಾಯಿಲೆಯ ಬಂಧುಗಳ ಆರೈಕೆಯಲ್ಲಿ ಬಸವಳಿದ ಹೆಂಗಸರಲ್ಲಿ ಒಂದು ಸಣ್ಣ ಗಾಯ ಮಾಯಲು ಇತರರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿಯಿತೆಂದು 1995ರ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಅವರು ರೋಗಿಗಳಲ್ಲ, ಕೇವಲ ಚಿಂತಿತರು ಎಂಬುದು ಗಮನಾರ್ಹ.

ಕೊಚ್ಚಿಯವರು ಮರೆಯಲಾಗದ ಒಂದು ಪ್ರಸಂಗ ಇಲ್ಲಿ ಪ್ರಸ್ತುತ. 2024ರ ಡಿಸೆಂಬರ್ 29ರಂದು ಕಲೂರ್‌ನ ಜವಾಹರಲಾಲ್ ನೆಹರೂ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದ ಬೃಹತ್ ನೃತ್ಯ ಕಾರ್ಯಕ್ರಮದ ವೇಳೆ, ಆಗ ತೃಕ್ಕಾಕರದ ಶಾಸಕಿಯಾಗಿದ್ದ ಶ್ರೀಮತಿ ಉಮಾ ಥಾಮಸ್ ಗಣ್ಯರ ವೇದಿಕೆಯಿಂದ ಕೆಳಗೆ ಬಿದ್ದು ತೀವ್ರವಾಗಿ ಗಾಯಗೊಂಡರು. ವೆಂಟಿಲೇಟರಿನ ಆಸರೆಯಲ್ಲಿದ್ದ ಅವರು ಮಗನ ಮಾತಿಗೆ ಕೈಕಾಲು ಅಲುಗಿಸಿ ಸ್ಪಂದಿಸಿದರೆಂದು ವೈದ್ಯರು ಪ್ರಕಟಿಸಿದಾಗ ಊರೇ ನಿಟ್ಟುಸಿರು ಬಿಟ್ಟಿತು. 2025ರ ಫೆಬ್ರವರಿಯಲ್ಲಿ ಅವರು ಗುಣಮುಖರಾಗಿ ಮನೆಗೆ ಮರಳಿದರು. ಅವರನ್ನು ಉಳಿಸಿದ್ದು ಚಿಕಿತ್ಸೆಯೇ ಹೊರತು ಮಗನ ಧ್ವನಿಯೊಂದೇ ಎಂದು ಯಾರೂ ಹೇಳಲಾರರು. ಆದರೆ ಕಣ್ಣು ಮುಚ್ಚಿ ಮಲಗಿದವರ ಕಿವಿ ತೆರೆದಿರಬಹುದು, ಪರಿಚಿತ ಧ್ವನಿ ಒಳಗೆ ತಲುಪಬಹುದು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಆ ಧ್ವನಿ ತಿಳಿಯದ ಭಾಷೆಯದಾದರೆ ಗತಿಯೇನು? ಊರಿನಿಂದ ಮಗನ ಮನೆಗೆಂದು ಕೊಚ್ಚಿಗೆ ಬಂದ ವೃದ್ಧ ತಾಯಿಗೆ ಹೃದಯಾಘಾತವಾಗುವುದು, ಕಾಸರಗೋಡಿನ ಹಳ್ಳಿಯ ಕನ್ನಡಿಗ ಹೃದಯದ ಇಲ್ಲವೇ ಮಿದುಳಿನ ಶಸ್ತ್ರಚಿಕಿತ್ಸೆಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಮೆಟ್ಟಿಲೇರುವುದು ಊಹಿಸಲು ಕಷ್ಟವಾದ ಸಂಗತಿಗಳಲ್ಲ. ಕೇರಳದ ದಾದಿಯರ ಸೇವಾನಿಷ್ಠೆ ಲೋಕಪ್ರಸಿದ್ಧ. ದಾದಿ ಅಕ್ಕರೆಯಿಂದಲೇ 'ಪೇಡಿಕ್ಕೇಂಡ' ಎನ್ನುತ್ತಾಳೆ. ಅದು 'ಹೆದರಬೇಡಿ' ಎಂಬ ಅಭಯವೆಂದು ಮಲಯಾಳ ಅರಿಯದ ಮುದುಕಿಗೆ ತಿಳಿಯುವುದು ಹೇಗೆ? ಗಂಟಲಲ್ಲಿ ನಳಿಗೆ ಇರುವಾಗ ಕನ್ನಡದಲ್ಲಿಯೂ ಮಾತನಾಡುವಂತಿಲ್ಲ. ಬಾಯಾರಿಕೆಯನ್ನೂ ಹೇಳಿಕೊಳ್ಳಲಾಗದ ಆ ಅಸಹಾಯಕತೆ ಭಯವನ್ನು ಇಮ್ಮಡಿಗೊಳಿಸುತ್ತದೆ. ಭಯ ಮತ್ತೆ ದೇಹವನ್ನು ಕಾಡುತ್ತದೆ.

ಬಂಧುಗಳನ್ನು ಒಳಗೆ ಬಿಟ್ಟರೆ ಸೋಂಕು ತಗಲೀತೆಂಬ ಆಸ್ಪತ್ರೆಗಳ ಅಳುಕು ನಿರಾಧಾರವಲ್ಲ. 2020ರ ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಲೇಬೇಕಾಯಿತು. ಆದರೆ ಬ್ರೆಜಿಲ್‌ನ 36 ತೀವ್ರ ನಿಗಾ ಘಟಕಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ 12 ಗಂಟೆಯವರೆಗೆ ಬಂಧುಗಳಿಗೆ ಅವಕಾಶ ಕೊಟ್ಟರೂ ಸೋಂಕು ಹೆಚ್ಚಲಿಲ್ಲ. ಬಂಧುಗಳ ಆತಂಕವೂ ಖಿನ್ನತೆಯೂ ತಗ್ಗಿದವು. ರೋಗಿಗಳ ಸನ್ನಿ ಮಾತ್ರ ಗಣನೀಯವಾಗಿ ಇಳಿಯಲಿಲ್ಲವೆಂಬುದನ್ನೂ ಮರೆಮಾಚಬಾರದು. ಬರಿಯ ಭೇಟಿಯ ಅವಧಿ ಹಿಗ್ಗಿದರೆ ಸಾಲದು. ಆ ಹೊತ್ತಿನಲ್ಲಿ ನಡೆಯುವುದೇನೆಂಬುದೂ ಮುಖ್ಯ. ಹಾಸಿಗೆಯ ಬಳಿ ನಿಂತು ಗೋಳಾಡುವುದು, ಆಸ್ಪತ್ರೆಯ ಬಿಲ್ಲಿನ ಲೆಕ್ಕ ಹಾಕುವುದು ರೋಗಿಗೆ ಉಪಕಾರವಲ್ಲ. ಹೆಸರು ಹಿಡಿದು ಕರೆದು, ಇದು ಯಾವ ಊರು, ಇಂದು ಯಾವ ವಾರ, ಈಗ ಹಗಲೋ ರಾತ್ರಿಯೋ, ಈ ನಳಿಗೆ ಏತಕ್ಕೆ ಎಂದು ಮೆಲ್ಲಗೆ ತಿಳಿಸಬೇಕು. ಕನ್ನಡಕ, ಕಿವಿಯ ಯಂತ್ರಗಳನ್ನು ವೈದ್ಯರ ಒಪ್ಪಿಗೆ ಪಡೆದು ತೊಡಿಸಬೇಕು.

ಕನ್ನಡ ಸಂಘಗಳ ಕರ್ತವ್ಯ ಇಲ್ಲಿಂದಲೇ ಆರಂಭವಾಗುತ್ತದೆ. ನೋವು, ನೀರು, ಉಸಿರು ಕಟ್ಟುತ್ತಿದೆ, ಚಳಿ, ಮೂತ್ರ, ಮಗ್ಗುಲು ಬದಲಿಸಿ ಎಂಬಂಥ ಇಪ್ಪತ್ತು ಮಾತುಗಳನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ದಪ್ಪಕ್ಷರಗಳಲ್ಲಿ, ಓದು ಬಾರದವರಿಗಾಗಿ ಚಿತ್ರಗಳೊಡನೆ ಅಚ್ಚು ಹಾಕಿಸಿದ ಒಂದು ಹಲಗೆ ಸಾಕು. ರೋಗಿ ಬೆರಳಿಟ್ಟು ತೋರಿಸಬಲ್ಲ. ರಕ್ತದಾನಿಗಳ ಪಟ್ಟಿಯಂತೆಯೇ ಮಾತಿನ ದಾನಿಗಳ ಪಟ್ಟಿಯೊಂದೂ ಸಿದ್ಧವಾಗಲಿ. ವೈದ್ಯರ ಮಾತನ್ನು ರೋಗಿಗೂ ರೋಗಿಯ ಮಾತನ್ನು ವೈದ್ಯರಿಗೂ ತಲುಪಿಸಬಲ್ಲ, ಕೈ ತೊಳೆದು ಒಳಗೆ ಹೋಗುವ ಶಿಸ್ತುಳ್ಳ ಹತ್ತು ಮಂದಿ ಎರಡೂ ಭಾಷೆ ಬಲ್ಲವರು ದೊರೆತರೂ ಕೆಲಸ ಸಾಗುತ್ತದೆ.

ಇದು ಕೇರಳದ ಮಣ್ಣಿಗೆ ಹೊಸದೂ ಅಲ್ಲ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಅರಿವಳಿಕೆ ತಜ್ಞ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಆರಂಭಿಸಿದ ಉಪಶಮನ ಆರೈಕೆಯ ಕಾರ್ಯ, ನೆರೆಹೊರೆಯ ಸಾಮಾನ್ಯ ಜನರೇ ತರಬೇತಿ ಪಡೆದು ರೋಗಿಯ ಬಳಿ ಕೂರುವ ಚಳವಳಿಯಾಗಿ ಬೆಳೆಯಿತು. 2008ರಲ್ಲಿ ರಾಜ್ಯ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಈ ನಾಡಿನ ಅನ್ನ ಉಣ್ಣುತ್ತಿರುವ ಕನ್ನಡಿಗರು ಅದರ ಈ ಸದ್ಗುಣವನ್ನೂ ಕಲಿತರೆ ಒಳಿತು. ರಾಜ್ಯೋತ್ಸವ, ಯುಗಾದಿಗಳಂದು ಕನ್ನಡದ ಮಾತು ಹೇಗೂ ಕೇಳಿಸುತ್ತದೆ. ನಳಿಗೆಗಳ ನಡುವೆ ಮಲಗಿದವನ ಕಿವಿಯಲ್ಲಿ 'ಹೆದರಬೇಡಿ, ನಾವಿದ್ದೇವೆ' ಎಂಬ ಕನ್ನಡದ ಮಾತು ಕೇಳಿಸಲೆಂದು ಮುಂದಿನ ಸರ್ವಸದಸ್ಯರ ಸಭೆ ಒಂದು ಗಂಟೆ ಮೀಸಲಿಡಲಿ.