ಎಡನೀರಿನ ಮೊಕದ್ದಮೆ

ರಾಜಾನುಕುಂಟೆಯಂಥ ಊರಿನಲ್ಲಿ ಪಹಣಿಯನ್ನೋ ನಿವೇಶನದ ಕ್ರಯಪತ್ರವನ್ನೋ ಪೆಟ್ಟಿಗೆಯಲ್ಲಿ ಜೋಪಾನವಾಗಿರಿಸಿಕೊಂಡಿರುವ ಗೃಹಸ್ಥನಿಗೆ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕಳ್ಳನು ಕಸಿದರೆ ಪೋಲೀಸರುಂಟು. ಕಾಯಿದೆಯೇ ಹಕ್ಕನ್ನು ಕಸಿದರೆ ಮೊರೆಯಿಡುವುದು ಯಾರಲ್ಲಿ? ಈ ಪ್ರಶ್ನೆಯನ್ನು ಕೇಳಿದವರು ಕಾಸರಗೋಡಿನ ಸಮೀಪದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು.

ಕೇರಳದ ಭೂಸುಧಾರಣೆಯ ಕಾಯಿದೆಯಿಂದ ಮಠದ ಭೂಮಿ ಕೈತಪ್ಪುವಂತಾಗಲು, ಅವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಮುಗಿಯುವ ಮೊದಲೇ ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಿ ಆ ಕಾಯಿದೆಗೆ ರಕ್ಷೆ ಕಟ್ಟಿತು. ಹಾಗಾದರೆ ತಿದ್ದುವ ಅಧಿಕಾರಕ್ಕೆ ಮೇರೆಯೇ ಇಲ್ಲವೇ? 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಸ್ವಾಮಿಗಳ ಪರವಾಗಿ ನಾನೀ ಪಾಲ್ಕೀವಾಲಾ ವಾದಿಸಿದರು. 1973ರ ಏಪ್ರಿಲ್ 24ರಂದು, 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆಯಾಗಿ ತೀರ್ಪು ಬಂದಿತು: ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸಲಾಗದು. ಮನೆಗೆ ಹೊಸ ಬಾಗಿಲಿಡಬಹುದು, ತಳಪಾಯವನ್ನು ಕೀಳಬಾರದು ಎಂದಂತೆ.

ಮಠಕ್ಕೆ ಮಾತ್ರ ಭೂಮಿ ಮರಳಲಿಲ್ಲ. ಗೇಣಿದಾರನ ಕಡೆಯಿಂದ ನೋಡಿದರೆ ಅದನ್ನು ಅನ್ಯಾಯವೆನ್ನಲು ನನಗೆ ಮನಸ್ಸು ಬಾರದು.

ತೀರ್ಪಿನ ಬೆಲೆಯನ್ನು ತೆತ್ತವರು ಬೇರೆಯವರು. ಮರುದಿನವೇ ಸರ್ಕಾರವು ಶೆಲಟ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ, ಅವರಿಗಿಂತ ಕಿರಿಯರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಪ್ರಕಟಿಸಿತು. ಆ ಮೂವರೂ ಬಹುಮತದ ಪಕ್ಷದವರು. ರೇ ಅವರು ಭಿನ್ನಮತದವರು. ಇದನ್ನು ಕಾಕತಾಳೀಯವೆಂದು ನಂಬುವುದು ಕಷ್ಟ. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ. ಎಸ್. ಹೆಗ್ಡೆಯವರು ಕಾರ್ಕಳ ಸೀಮೆಯವರು, ಹಿಂದೆ ಮೈಸೂರು ಹೈಕೋರ್ಟಿನಲ್ಲಿದ್ದವರು. 1977ರಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದರು. ಅಲ್ಲಿ ಅವರು ಸಭಾಧ್ಯಕ್ಷರಾದರು.

ಈ ನಡುವೆ, ತುರ್ತು ಪರಿಸ್ಥಿತಿಯಲ್ಲಿ, 1976ರ 42ನೆಯ ತಿದ್ದುಪಡಿಯು ಸಂವಿಧಾನದ ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ವಿಧಿಸಿತ್ತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎಡನೀರಿನ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಆ ವಿಧಿಯನ್ನು ರದ್ದುಮಾಡಿತು.