ತಪ್ಪಿದ ಕೈಯನ್ನು ಹಿಡಿಯುವವರಾರು?

ನನ್ನ ಮನೆ ನಂತೂರಿನಲ್ಲಿ. ಮೂಡುಬಿದಿರೆಯ ದಾರಿ ಹೆದ್ದಾರಿಯನ್ನು ಕೂಡುವ ಆ ವೃತ್ತದ ಬಳಿ ಕಾಲೇಜಿನ ಬಸ್ಸಿಗೆ ಕಾಯುವಾಗ, ರಾತ್ರಿಪಾಳಿ ಮುಗಿಸಿ ಬಸ್ಸಿನಿಂದಿಳಿಯುವ ದಾದಿಯರನ್ನು ದಿನವೂ ಕಾಣುತ್ತೇನೆ. ಮಂಗಳೂರಿಗೆ ಇದು ಹೊಸ ನೋಟವಲ್ಲ. ವೆನ್ಲಾಕ್ ಆಸ್ಪತ್ರೆ ೧೮೪೮ರಿಂದಲೂ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ ೧೮೮೦ರಿಂದಲೂ ಇಲ್ಲಿವೆ. ದಾದಿಯ ವಿದ್ಯೆ ಕಲಿಯಲು ದೂರದೂರುಗಳಿಂದ ಹುಡುಗಿಯರು ಇಲ್ಲಿಗೆ ಬರುತ್ತಾರೆ. ನಾವು ಅವರನ್ನು ‘ಸಿಸ್ಟರ್’ ಎಂದು ಕರೆಯುತ್ತೇವೆ. ಆ ಕರೆಗೆ ತಕ್ಕಂತೆ ನಡೆದುಕೊಂಡಿದ್ದೇವೆಯೆ ಎಂಬುದೇ ನನ್ನ ಪ್ರಶ್ನೆ.

ನಮ್ಮ ನೆರೆಮನೆಯ ಅಕ್ಕ ದಾದಿಯಾಗಿದ್ದಾರೆ. ಮೇಲೆ ಹೇಳಿದ ಎರಡು ಕಡೆಯಲ್ಲಿಯೂ ಅಲ್ಲ, ಬೇರೊಂದು ಆಸ್ಪತ್ರೆಯಲ್ಲಿ. ಕಳೆದ ಮಳೆಗಾಲದ ಒಂದು ರಾತ್ರಿ, ಒಬ್ಬ ರೋಗಿಗೆ ಕೊಡಬೇಕಾದ ಇನ್ಸುಲಿನ್ ಸೂಜಿಯನ್ನು ಪಕ್ಕದ ಹಾಸಿಗೆಯ ರೋಗಿಗೆ ಚುಚ್ಚಿಬಿಟ್ಟರು. ಇಬ್ಬರ ಹೆಸರೂ ಒಂದೇ. ತಪ್ಪು ತಿಳಿದೊಡನೆ ತಾವೇ ಓಡಿಹೋಗಿ ಡಾಕ್ಟರಿಗೆ ಹೇಳಿದರು. ಗ್ಲೂಕೋಸ್ ಏರಿಸಿದರು, ಬೆಳಗಾಗುವಷ್ಟರಲ್ಲಿ ರೋಗಿ ಚೇತರಿಸಿಕೊಂಡರು.

ಅಕ್ಕ ಚೇತರಿಸಿಕೊಳ್ಳಲಿಲ್ಲ. ರಾತ್ರಿ ಎದ್ದು ಬಾಗಿಲ ಚಿಲಕವನ್ನು ಮೂರು ಮೂರು ಸಲ ನೋಡತೊಡಗಿದರು. ಸ್ವಂತ ಮಗುವಿಗೆ ಜ್ವರ ಬಂದಾಗ ಔಷಧಿಯನ್ನು ತಾವು ಅಳೆಯದೆ ಗಂಡನ ಕೈಗೆ ಕೊಟ್ಟರು. ಒಂದು ದಿನ ನನ್ನೊಡನೆ ಹೇಳಿದರು: “ತಪ್ಪು ನನ್ನದೇ ಮಾರಾಯ. ಮೆಮೊ ಕೊಟ್ಟದ್ದಕ್ಕೆ ಬೇಸರ ಇಲ್ಲ. ಆದರೆ ಆವತ್ತಿನಿಂದ ವಾರ್ಡಿನಲ್ಲಿ ಒಬ್ಬರೂ ನನ್ನ ಹತ್ತಿರ ‘ಊಟ ಆಯಿತಾ’ ಅಂತಲೂ ಕೇಳಲಿಲ್ಲ.”

ಇದು ಅವರೊಬ್ಬರ ದೌರ್ಬಲ್ಯವೆಂದು ತಿಳಿಯಬಾರದು. ೨೦೦೦ದಲ್ಲಿ ಡಾ. ಆಲ್ಬರ್ಟ್ ವು ಎಂಬ ಅಮೆರಿಕದ ವೈದ್ಯರು, ಚಿಕಿತ್ಸೆಯಲ್ಲಿ ತಪ್ಪಾದಾಗ ಮೊದಲು ನೋಯುವವನು ರೋಗಿ, ಎರಡನೆಯವನು ತಪ್ಪು ಮಾಡಿದವನು ಎಂದು ಬರೆದರು. ನೊಂದ ರೋಗಿಗಳ ಮನೆಯವರು ಕೆಲವರು ಈ ಮಾತನ್ನು ಒಪ್ಪಲಿಲ್ಲ. ನೋವು ತಿಂದವರನ್ನೂ ಕೊಟ್ಟವರನ್ನೂ ಒಂದೇ ಸಾಲಿನಲ್ಲಿ ಕೂರಿಸಬಹುದೆ ಎಂದು ಕೇಳಿದರು. ಅವರ ಕೋಪ ನ್ಯಾಯವಾದುದೇ. ರೋಗಿಗೆ ಸತ್ಯ ತಿಳಿಯಬೇಕು, ಪರಿಹಾರ ಸಿಗಬೇಕು. ಅದರಲ್ಲಿ ಎಳ್ಳಷ್ಟೂ ಕಡಮೆಯಾಗಬಾರದು.

ಆದರೆ ಸತ್ಯ ಹೊರಬರುವುದು ಹೇಗೆ? ನಮ್ಮ ನಂತೂರು ವೃತ್ತದಲ್ಲಿ ಅಪಘಾತವಾದಾಗ ಚಾಲಕನನ್ನು ಬೈಯುವ ನಾವೇ, ಇಳಿಜಾರನ್ನೂ ತಿರುವನ್ನೂ ವಾಹನಗಳ ಸಂದಣಿಯನ್ನೂ ದೂರುತ್ತೇವೆ. ವಾರ್ಡಿನಲ್ಲಿ ತಪ್ಪಾದಾಗ ದಾರಿಯನ್ನು ಯಾರೂ ನೋಡುವುದಿಲ್ಲ. ಒಂದೇ ಹೆಸರಿನ ಇಬ್ಬರನ್ನು ಅಕ್ಕಪಕ್ಕ ಮಲಗಿಸಿದವರಾರು? ಆ ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ದಾದಿಯರಿದ್ದರು? ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವಳು ಆ ದಾದಿಯೇ. ಅವಳ ಬಾಯಿ ಕಟ್ಟಿದರೆ ಮುಂದಿನ ರೋಗಿಗೂ ಅದೇ ಗತಿ.

ಬಾಯಿ ಕಟ್ಟುವುದು ಭಯ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ೨೦೧೭ರಲ್ಲಿ ರಡೋಂಡಾ ವಾಟ್ ಎಂಬ ದಾದಿ ಒಂದು ಔಷಧಿಗೆ ಬದಲು ಇನ್ನೊಂದನ್ನು ಕೊಟ್ಟು ರೋಗಿ ತೀರಿಕೊಂಡರು. ಆಕೆ ತಪ್ಪನ್ನು ಮರೆಮಾಚಲಿಲ್ಲ. ೨೦೨೨ರಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದು ಸಾರಿತು. ಮೂರು ವರ್ಷದ ಪ್ರೊಬೇಷನ್ ವಿಧಿಸಿತು. ‘ಒಪ್ಪಿಕೊಂಡವರಿಗೆ ಇದೇ ಫಲವಾದರೆ ಇನ್ನು ಒಪ್ಪಿಕೊಳ್ಳುವವರಾರು?’ ಎಂಬ ಚಿಂತೆ ದಾದಿಯರಲ್ಲಿ ಹುಟ್ಟಿತು. ನಮ್ಮಲ್ಲಿಯೂ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷಗಳವರೆಗೆ ಸೆರೆ ಎಂದಿದೆ. ಚಿಕಿತ್ಸೆ ಮಾಡುವ ನೋಂದಾಯಿತ ವೈದ್ಯನಿಗಾದರೆ ಎರಡೇ ವರ್ಷಗಳವರೆಗೆ. ಆ ರಿಯಾಯಿತಿಯ ವಿವರಣೆಯಲ್ಲಿ ದಾದಿ ಸೇರಿಲ್ಲ. ವೈದ್ಯ ಬರೆದುದನ್ನು ಕೈಯಾರೆ ಕೊಡುವವಳಿಗೆ ಹೆಚ್ಚಿನ ಭಯ. ಇದು ಯಾವ ನ್ಯಾಯವೊ ನಾನರಿಯೆ.

ಮಾಡಬೇಕಾದುದು ದೊಡ್ಡದೇನಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಇಂತಹ ಗಳಿಗೆಯಲ್ಲಿ ಜತೆಗಿರಲು ಸಹೋದ್ಯೋಗಿಗಳನ್ನೇ ತರಬೇತುಗೊಳಿಸಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿಯೂ ಹಿರಿಯ ಸಿಸ್ಟರ್ ಒಬ್ಬರು ಅವಳ ಉಳಿದ ಪಾಳಿಯನ್ನು ಬೇರೆಯವರಿಗೆ ವಹಿಸಿ, ಅವಳ ಪಕ್ಕದಲ್ಲಿ ಅರ್ಧ ಗಂಟೆ ಕೂರಬಹುದು. ವಿಚಾರಣೆ ನಡೆಯಲಿ, ಆದರೆ ಅದರಲ್ಲಿ ಕಂಡುಬಂದುದನ್ನು ಅವಳಿಗೂ ತಿಳಿಸಲಿ. ರಾತ್ರಿಪಾಳಿಯ ಕೆಲಸಕ್ಕೆ ಸಾಕಷ್ಟು ಜನರಿರಲಿ.

ಕಲಾ ವಿಭಾಗದ ನಮಗೆ ಇದರ ಗೊಡವೆಯೇಕೆ ಎಂದು ಗೆಳೆಯರು ಕೇಳಬಹುದು. ನಮ್ಮ ತಂದೆತಾಯಂದಿರನ್ನು ಆಸ್ಪತ್ರೆಗೆ ಸೇರಿಸುವವರು ನಾವೇ ತಾನೆ? ಅಂದು ಕೂಗಾಡುವವರು, ಫೋನಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚುವವರು ನಾವೇ ಆಗಬಾರದು.

ಅಕ್ಕ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಬಸ್ಸಿನಿಂದಿಳಿದಾಗ “ಅಕ್ಕ, ಚಹಾ ಆಯಿತಾ?” ಎಂದು ಕೇಳಿದೆ. “ಇಲ್ಲ ಮಾರಾಯ, ನೀನು ಕುಡಿಸ್ತೀಯಾ?” ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರ ನಗುವನ್ನು ಕಂಡೆ. ನನ್ನ ಬಸ್ಸು ಹೋಗಲಿ ಎಂದು ಬಿಟ್ಟು, ಅವರೊಡನೆ ಹೋಟೆಲಿನ ಕಡೆಗೆ ನಡೆದೆ.