ಬಂದರಿನ ಭಾಗ್ಯ ಘಟ್ಟದ ಮೇಲಿದೆ: ಬೂಸಾನ್ ನಗರದಿಂದ ಮಂಗಳೂರು ಕಲಿಯಬೇಕಾದುದು

ಬಂದರು ನಗರಗಳ ಏಳಿಗೆಯನ್ನು ಕಡಲಿನ ಕಡೆಯಿಂದ ಅಳೆಯುವುದು ವಾಡಿಕೆ. ನೀರಿನ ಆಳ, ಬರುವ ಹಡಗುಗಳ ಸಂಖ್ಯೆ, ಇಳಿಸಿದ ಸರಕಿನ ತೂಕ ಇವೇ ವಾರ್ಷಿಕ ವರದಿಗಳ ಮುಖ್ಯ ಅಂಶಗಳಾಗುತ್ತವೆ. ಆದರೆ ಬಂದರಿನ ಹಿಂದೆ ಇರುವ ನೆಲಕ್ಕೂ ಬಂದರಿಗೂ ನಡುವಿನ ದಾರಿ ಹೇಗಿದೆ ಎಂಬುದೇ ಅಂತಿಮವಾಗಿ ನಗರದ ಭವಿಷ್ಯವನ್ನು ನಿರ್ಧರಿಸುತ್ತದೆ. ದಕ್ಷಿಣ ಕೊರಿಯಾದ ಎರಡನೆಯ ಮಹಾನಗರವಾದ ಬೂಸಾನ್ ಈ ಮಾತಿಗೆ ಒಳ್ಳೆಯ ನಿದರ್ಶನ. ಆ ನಗರದ ಏಳಿಗೆಯಲ್ಲಿ ಮಂಗಳೂರಿಗೆ ಒಂದು ಪಾಠವಿದೆ. ಅದರ ಇಂದಿನ ಚಿಂತೆಯಲ್ಲಿ ಒಂದು ಎಚ್ಚರಿಕೆಯೂ ಇದೆ.

ಬೆಟ್ಟ ಮತ್ತು ಕಡಲಿನ ನಡುವಣ ನಗರ

ಕೊರಿಯಾ ಪರ್ಯಾಯ ದ್ವೀಪದ ಆಗ್ನೇಯ ತುದಿಯಲ್ಲಿ, ಜಪಾನಿಗೆ ಅಭಿಮುಖವಾಗಿ, ಬೆಟ್ಟಗಳಿಗೂ ಕಡಲಿಗೂ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಬೂಸಾನ್ ಹಬ್ಬಿಕೊಂಡಿದೆ. 1876ರ ಒಪ್ಪಂದದ ಫಲವಾಗಿ ಇದರ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆದುಕೊಂಡಿತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿಯೂ ಇಲ್ಲಿನ ಜನಸಂಖ್ಯೆ 5 ಲಕ್ಷದೊಳಗೇ ಇತ್ತು. ಅಂದರೆ 2011ರ ಜನಗಣತಿಯ ಮಂಗಳೂರು ಮಹಾನಗರಪಾಲಿಕೆಯಷ್ಟೇ ಗಾತ್ರದ ಊರು. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಬೂಸಾನ್ ತಾತ್ಕಾಲಿಕ ರಾಜಧಾನಿಯಾಯಿತು. ಉತ್ತರದಿಂದ ಓಡಿಬಂದ ನಿರಾಶ್ರಿತರು ಬೆಟ್ಟದ ಇಳಿಜಾರುಗಳಲ್ಲಿ ಹಲಗೆ, ತಗಡುಗಳ ಗುಡಿಸಲು ಕಟ್ಟಿಕೊಂಡರು. 1955ರ ಹೊತ್ತಿಗೆ ಜನಸಂಖ್ಯೆ 10 ಲಕ್ಷವನ್ನು ಮೀರಿತ್ತು. ಅಂತಹ ಇಳಿಜಾರಿನ ವಸತಿಗಳಲ್ಲಿ ಒಂದಾದ ಗಮ್ಚಿಯಾನ್ ಇಂದು ಬಣ್ಣಬಣ್ಣದ ಮನೆಗಳಿಂದ ಪ್ರವಾಸಿಗರನ್ನು ಸೆಳೆಯುತ್ತಿದೆ.

ನಗರದ ದೈನಂದಿನ ಬದುಕಿನಲ್ಲಿ ಮಂಗಳೂರಿಗರಿಗೆ ಪರಿಚಿತವೆನಿಸುವ ಅಂಶಗಳು ಹಲವು. ಜಗಾಲ್ಚಿ ಮೀನು ಮಾರುಕಟ್ಟೆಯಲ್ಲಿ ವ್ಯಾಪಾರವನ್ನು ಹಿಡಿದು ನಿಲ್ಲಿಸಿದವರು ಮಹಿಳೆಯರೇ. ಮಂಗಳೂರಿನ ಧಕ್ಕೆಯಲ್ಲಿ ಮೀನು ಹರಾಜು ಹಿಡಿದು ಬುಟ್ಟಿ ಹೊತ್ತು ಪೇಟೆಗೆ ನಡೆಯುವ ಮಹಿಳೆಯರಿಗೂ ಅವರಿಗೂ ಭಾಷೆಯೊಂದೇ ವ್ಯತ್ಯಾಸ. ಹೆಂಚು, ಗೋಡಂಬಿ, ಬೀಡಿಗಳು ಮಂಗಳೂರಿನ ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿದಂತೆ, ಬೂಸಾನಿನಲ್ಲಿ ರಬ್ಬರ್ ಪಾದರಕ್ಷೆಯ ಕಾರ್ಖಾನೆಗಳು ಒಂದು ತಲೆಮಾರನ್ನು ಸಾಕಿದವು. ಕೂಲಿ ದುಬಾರಿಯಾದಾಗ ಆ ಉದ್ಯಮವು ಅಗ್ನೇಯ ಏಷ್ಯಾದ ದೇಶಗಳಿಗೆ ಸ್ಥಳಾಂತರಗೊಂಡಿತು. ಆದರೂ ನಗರ ಕುಸಿಯಲಿಲ್ಲ. ಏಕೆಂದರೆ ಅಷ್ಟರಲ್ಲಿ ಬಂದರು ಇಡೀ ದೇಶದ ಹೆಬ್ಬಾಗಿಲಾಗಿತ್ತು.

ಹೆಬ್ಬಾಗಿಲಾದುದು ದಾರಿಯ ಬಲದಿಂದ. ರಾಜಧಾನಿ ಸಿಯೋಲ್‌ನಿಂದ ಬೂಸಾನಿಗೆ 1905ರಲ್ಲಿಯೇ ರೈಲುಮಾರ್ಗ ಪೂರ್ಣಗೊಂಡಿತ್ತು. 400 ಕಿ.ಮೀ. ಮೀರಿದ ಸಿಯೋಲ್-ಬೂಸಾನ್ ಹೆದ್ದಾರಿ 1970ರ ಜುಲೈಯಲ್ಲಿ ತೆರೆಯಿತು. ಬಡ ದೇಶಕ್ಕೆ ಇಷ್ಟು ದೊಡ್ಡ ರಸ್ತೆ ಏಕೆ ಎಂಬ ಟೀಕೆ ಆಗ ಪ್ರಬಲವಾಗಿತ್ತು. ಆತುರದ ನಿರ್ಮಾಣದಲ್ಲಿ 77 ಮಂದಿ ಪ್ರಾಣವನ್ನೂ ತೆತ್ತರು. ಬೂಸಾನಿನ ಮೊದಲ ಕಂಟೇನರ್ ಧಕ್ಕೆ ಸಿದ್ಧವಾದುದು 1978ರಲ್ಲಿ. ಈ ಅನುಕ್ರಮ ಗಮನಾರ್ಹ: ಮೊದಲು ದಾರಿ, ಅನಂತರ ಧಕ್ಕೆ. 2004ರಲ್ಲಿ ಅತಿವೇಗದ ರೈಲು, 2006ರಲ್ಲಿ ಹೊಸ ಬಂದರು ಇವುಗಳಿಗೆ ಸೇರಿಕೊಂಡವು. ಇಂದು ಅಲ್ಲಿ ವರ್ಷಕ್ಕೆ 20 ಅಡಿ ಮಾನದ 2 ಕೋಟಿಗೂ ಮಿಕ್ಕಿ ಕಂಟೇನರುಗಳು ಏರಿಳಿಯುತ್ತವೆ. ಅದರಲ್ಲಿ ಸುಮಾರು ಅರ್ಧಪಾಲು ಒಂದು ಹಡಗಿನಿಂದ ಮತ್ತೊಂದಕ್ಕೆ ವರ್ಗಾವಣೆಯಾಗುವ ಸರಕು. ಚೀನಾ ಮತ್ತು ಜಪಾನುಗಳ ನಡುವೆ ಇರುವ ಭೌಗೋಳಿಕ ಅನುಕೂಲವನ್ನು ಯಾವ ನಗರವೂ ಅನುಕರಿಸಲಾಗದು. ದಾರಿಯ ವಿಚಾರದಲ್ಲಿ ತೋರಿದ ದೃಢತೆಯನ್ನು ಅನುಕರಿಸಬಹುದು.

ಘಟ್ಟದ ಕೆಳಗಿನ ಬಂದರು

ಮಂಗಳೂರಿನ ಚರಿತ್ರೆಯಲ್ಲಿ ಈ ಅನುಕ್ರಮ ಎಂದೂ ಕೂಡಿಬರಲಿಲ್ಲ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಹಳೆಯ ಬಂದರಿಗೆ ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಘಟ್ಟವಿಳಿದು ಬರುತ್ತಿತ್ತು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಮಾದರಿಯಲ್ಲಿ ಬೆಳೆದ ಹೆಂಚು ಉದ್ಯಮದ ಸರಕು ಇಲ್ಲಿಂದ ದೂರದೇಶಗಳಿಗೆ ಹೋಗುತ್ತಿತ್ತು. 1907ರಲ್ಲಿ ಬಂದ ರೈಲು ನಗರವನ್ನು ಮದರಾಸಿಗೆ ಜೋಡಿಸಿತೇ ವಿನಾ ಬೆನ್ನಿಗಿದ್ದ ಮೈಸೂರು ಸಂಸ್ಥಾನಕ್ಕೆ ಜೋಡಿಸಲಿಲ್ಲ. ಹಾಸನದ ಸಂಪರ್ಕಕ್ಕೆ 1979ರವರೆಗೆ ಕಾಯಬೇಕಾಯಿತು. ಆ ಮೀಟರ್‌ಗೇಜ್ ಹಳಿಯೂ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಮತ್ತೆ ಸರಕು ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕ ರೈಲು 2007ರ ಕೊನೆಯಲ್ಲಿ. ದೇಶದ ಆರ್ಥಿಕತೆ ತೆರೆದುಕೊಂಡು ಬೆಂಗಳೂರು ಜಗತ್ತಿನ ಗಮನ ಸೆಳೆದ ಅದೇ ದಶಕದಲ್ಲಿ ರಾಜ್ಯದ ಪ್ರಮುಖ ಬಂದರಿಗೆ ರಾಜಧಾನಿಯಿಂದ ನೇರ ರೈಲೇ ಇರಲಿಲ್ಲ.

ಪಣಂಬೂರಿನಲ್ಲಿ 1970ರ ದಶಕದ ನಡುವೆ ಉದ್ಘಾಟನೆಯಾದ ನವಮಂಗಳೂರು ಬಂದರು ಈ ಕೊರತೆಯ ನಡುವೆಯೇ ಬೆಳೆಯಿತು. ಘಟ್ಟದ ರಸ್ತೆಯನ್ನು ಅವಲಂಬಿಸದ ಸರಕೇ ಅದರ ಆಧಾರವಾಯಿತು. ಕುದುರೆಮುಖದ ಅದಿರು ಕೊಳವೆಯಲ್ಲಿ ಇಳಿದು ಬಂತು. 2005ರ ಕೊನೆಯಲ್ಲಿ ಆ ಗಣಿಗಾರಿಕೆ ನಿಂತಿತು. ಎಂ.ಆರ್.ಪಿ.ಎಲ್. ಸಂಸ್ಕರಣಾಗಾರಕ್ಕೆ ಬೇಕಾದ ಕಚ್ಚಾತೈಲ ಹಡಗಿನಲ್ಲಿ ಬರುತ್ತದೆ. ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚಿನ ಸರಕಿನಲ್ಲಿ ತೈಲ, ಅನಿಲ, ಕಲ್ಲಿದ್ದಲುಗಳದೇ ದೊಡ್ಡ ಪಾಲು. ಕಾಫಿ, ಗೋಡಂಬಿ, ಯಂತ್ರೋಪಕರಣ, ಸಿದ್ಧ ಉಡುಪು ಮುಂತಾದ ಕಂಟೇನರ್ ಸರಕಿನ ಲೆಕ್ಕ ಇನ್ನೂ ಲಕ್ಷಗಳಲ್ಲಿಯೇ ಇದೆ. ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ದೂರ ಹೆಚ್ಚುಕಡಿಮೆ ಒಂದೇ, ಸುಮಾರು 350 ಕಿ.ಮೀ. ಆದರೂ ಬೆಂಗಳೂರಿನ ರಫ್ತುದಾರರ ಒಲವು ಚೆನ್ನೈಯ ಕಡೆಗೆ. ಅತ್ತ ಹೋಗುವ ಲಾರಿಗೆ ಶಿರಾಡಿ ಇಲ್ಲ.

ಶಿರಾಡಿ ಎಂಬ ಹೆಸರನ್ನು ಕರಾವಳಿಯ ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ. 2015 ಮತ್ತು 2018ರಲ್ಲಿ ಕಾಂಕ್ರೀಟೀಕರಣಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದ ರಸ್ತೆ, 2018ರ ಆಗಸ್ಟಿನ ಮಳೆಗೆ ಮತ್ತೆ ಕುಸಿಯಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಸಮೀಪ ಹಳಿಯ ಕೆಳಗಿನ ಮಣ್ಣು ಜಾರಿ ಹಲವು ದಿನ ರೈಲು ಸಂಚಾರ ನಿಂತಾಗ, ಸಕಲೇಶಪುರದ ಬಳಿ ಹೆದ್ದಾರಿಯ ಮೇಲೂ ಗುಡ್ಡ ಜರಿದಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿ.ಮೀ. ರೈಲುಹಾದಿಯಲ್ಲಿ 57 ಸುರಂಗಗಳಿವೆ. ಏರಿಳಿತ ಐವತ್ತಕ್ಕೆ ಒಂದು. ಹಡಗು ಕಾಯುವುದಿಲ್ಲ, ಆದ್ದರಿಂದ ಮಳೆಗಾಲದಲ್ಲಿ ನಿಗದಿತ ದಿನಕ್ಕೆ ಸರಕು ತಲುಪೀತೆಂಬ ಭರವಸೆ ಇಲ್ಲದ ಬಂದರನ್ನು ರಫ್ತುದಾರ ಆರಿಸಿಕೊಳ್ಳುವುದಿಲ್ಲ. ಇದರಲ್ಲಿ ಬಂದರಿನ ಆಡಳಿತದ ದೋಷವೇನೂ ಇಲ್ಲ.

ದಾರಿ ಎರಡೂ ಕಡೆಗೆ ಸಾಗುತ್ತದೆ

ಒಳ್ಳೆಯ ದಾರಿಯೊಂದೇ ಸಾಕೆಂದು ತಿಳಿಯುವುದೂ ತಪ್ಪಾದೀತು. ಬೂಸಾನಿನ ಜನಸಂಖ್ಯೆ 1990ರ ದಶಕದಲ್ಲಿ 38 ಲಕ್ಷವನ್ನು ದಾಟಿ, ಈಗ ಸುಮಾರು 33 ಲಕ್ಷಕ್ಕೆ ಇಳಿದಿದೆ. ಎರಡೂವರೆ ಗಂಟೆಯಲ್ಲಿ ರಾಜಧಾನಿಗೆ ತಲುಪಿಸುವ ರೈಲು ಸರಕನ್ನು ಬಂದರಿಗೆ ತರುವುದಿಲ್ಲ. ಯುವಜನರನ್ನು ಸಿಯೋಲ್‌ಗೆ ಒಯ್ಯುತ್ತದೆ. ಕಡಲತೀರದ ಹೈಯುಂಡೆಯಲ್ಲಿ ಗಗನಚುಂಬಿ ಕಟ್ಟಡಗಳು ಏರಿವೆ, 1996ರಿಂದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತಿದೆ, ಆದರೆ ಹಳೆಯ ಬಡಾವಣೆಗಳಲ್ಲಿ ಉಳಿದವರು ಹೆಚ್ಚಾಗಿ ವೃದ್ಧರು. ಇದನ್ನು ಅರಿತ ಅಲ್ಲಿನ ಸರ್ಕಾರ ನಿರ್ಧಾರ ಕೈಗೊಳ್ಳುವ ಸಂಸ್ಥೆಗಳನ್ನೇ ಬೂಸಾನಿಗೆ ಕಳುಹಿಸಲು ಯತ್ನಿಸಿದೆ. 2005ರಲ್ಲಿ ಏಕೀಕರಣಗೊಂಡ ಕೊರಿಯಾ ಷೇರು ವಿನಿಮಯ ಕೇಂದ್ರದ ಪ್ರಧಾನ ಕಚೇರಿ ಇರುವುದು ಅಲ್ಲಿಯೇ.

ಮಂಗಳೂರಿನಲ್ಲಿ ನಡೆದುದು ಇದಕ್ಕೆ ವಿರುದ್ಧ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಕೊಟ್ಟಿತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ವಿಲೀನಗೊಂಡವು. ಕಾರ್ಪೊರೇಶನ್ ಬ್ಯಾಂಕಿನೊಂದಿಗೆ ನಗರದಲ್ಲಿದ್ದ ಒಂದು ಪ್ರಧಾನ ಕಚೇರಿಯೂ ಇಲ್ಲವಾಯಿತು. ಈಗ ಇಲ್ಲಿಂದಲೇ ಆಡಳಿತ ನಡೆಸುವುದು 1924ರಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕ್ ಒಂದೇ. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಿಂದಲೂ ನಗರದ ವೈದ್ಯಕೀಯ, ತಾಂತ್ರಿಕ ಕಾಲೇಜುಗಳಿಂದಲೂ ಪ್ರತಿವರ್ಷ ಹೊರಬರುವ ಯುವಕ-ಯುವತಿಯರಲ್ಲಿ ಬಹುಪಾಲು ಮಂದಿ ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳ ಹಾದಿ ಹಿಡಿಯುತ್ತಾರೆ. ಮಕ್ಕಳು ದೂರದಲ್ಲಿ, ದೊಡ್ಡ ಮನೆಯಲ್ಲಿ ಹಿರಿಯರಿಬ್ಬರೇ ಎಂಬುದು ಕರಾವಳಿಯ ಬೀದಿಬೀದಿಯಲ್ಲಿ ಕಾಣುವ ಸ್ಥಿತಿ. ಜನಸಂಖ್ಯೆ 33 ಲಕ್ಷವಾದ ಮೇಲೆ ಬೂಸಾನ್ ಎದುರಿಸುತ್ತಿರುವ ಸಮಸ್ಯೆಯನ್ನು ಮಂಗಳೂರು ಬೆಳೆಯುವ ಮುನ್ನವೇ ಎದುರಿಸುತ್ತಿದೆ.

ಆಗಬೇಕಾದ ಕಾರ್ಯ

ವಾಣಿಜ್ಯ ಸಂಘಟನೆಗಳ ಮನವಿಪತ್ರಗಳಲ್ಲಿ ಹತ್ತಾರು ಬೇಡಿಕೆಗಳು ಒಟ್ಟಿಗೆ ಸೇರಿ ಯಾವುದೂ ಮುಖ್ಯವಲ್ಲದಂತಾಗುವುದುಂಟು. ಅವುಗಳ ಬದಲು ಎರಡೇ ಬೇಡಿಕೆಗಳನ್ನು ಬಿಡದೆ ಮುಂದಿಡುವುದು ಉಚಿತ. ಮೊದಲನೆಯದು, ಸರ್ವಋತು ಘಟ್ಟದ ದಾರಿ. ಗುಡ್ಡವನ್ನು ಲಂಬವಾಗಿ ಕಡಿದು ರಸ್ತೆ ಅಗಲಿಸುವ ಕ್ರಮ ಪಶ್ಚಿಮಘಟ್ಟದ ಸಡಿಲ ಮಣ್ಣಿಗೆ ಹೊಂದುವುದಿಲ್ಲವೆಂಬುದನ್ನು ಪ್ರತಿ ಮಳೆಗಾಲವೂ ತೋರಿಸುತ್ತಿದೆ. ದಶಕಕ್ಕೂ ಹೆಚ್ಚು ಕಾಲದಿಂದ ಚರ್ಚೆಯಲ್ಲಿರುವ ಸುರಂಗಮಾರ್ಗದ ಬಗ್ಗೆ ಭೂವಿಜ್ಞಾನ ಮತ್ತು ಪರಿಸರದ ನಿಷ್ಪಕ್ಷಪಾತ ಪರಿಶೀಲನೆ ನಡೆದು, ಆಗುವುದಾದರೆ ಆಗುತ್ತದೆ, ಆಗದಿದ್ದರೆ ಇಲ್ಲ ಎಂಬ ಉತ್ತರ ಕಾಲಮಿತಿಯೊಳಗೆ ಬರಬೇಕು. ಇಲ್ಲವೆಂದಾದರೆ ಘಟ್ಟದ ರೈಲುಹಾದಿಯ ಸಾಮರ್ಥ್ಯವನ್ನು ಹೆಚ್ಚಿಸುವ ಕಾರ್ಯಕ್ಕೆ ಹಣ ಹರಿಯಬೇಕು. ಎರಡನೆಯದು, ನಿರ್ಧಾರ ಕೈಗೊಳ್ಳುವ ಕಚೇರಿಗಳು. ಬಂದರು, ಮೀನುಗಾರಿಕೆ, ಕರಾವಳಿ ಅಭಿವೃದ್ಧಿಗೆ ಸಂಬಂಧಿಸಿದ ರಾಜ್ಯಮಟ್ಟದ ನಿರ್ಧಾರಗಳನ್ನು ಬೆಂಗಳೂರಿನಲ್ಲಿ ಕುಳಿತು ಕೈಗೊಳ್ಳುವ ಪದ್ಧತಿ ಕೊನೆಗೊಳ್ಳಬೇಕು.

ಮೊದಲನೆಯದಿಲ್ಲದೆ ಮಂಗಳೂರಿಗೆ ಸರಕು ಇಳಿದು ಬಾರದು. ಎರಡನೆಯದಿಲ್ಲದೆ ಆ ದಾರಿಯಲ್ಲಿ ಮಕ್ಕಳು ಹತ್ತಿ ಹೋಗುವುದು ನಿಲ್ಲದು. ಎರಡನ್ನೂ ಒಟ್ಟಿಗೆ ಕೇಳುವ ಒಮ್ಮತ ಜಿಲ್ಲೆಯ ಉದ್ಯಮಿಗಳಲ್ಲಿ, ಜನಪ್ರತಿನಿಧಿಗಳಲ್ಲಿ ಮೂಡಬೇಕಾಗಿದೆ.